ಸಿರಿಯ ಶತಮಾನದ ಇನ್ನೊಂದು ಲೆಕ್ಕ

1815ರ ಜೂನ್ ತಿಂಗಳಲ್ಲಿ ವಾಟರ್‌ಲೂ ಬಯಲಿನಲ್ಲಿ ನೆಪೋಲಿಯನ್ ಸೋತ. ಯುರೋಪಿನ ಕತ್ತಿಗಳು ಒರೆ ಸೇರಿದವು. 1914ರ ಆಗಸ್ಟ್‌ನಲ್ಲಿ ಅದೇ ಖಂಡ ಮತ್ತೆ ಹೊತ್ತಿಕೊಂಡಿತು. ಈ ಎರಡರ ನಡುವಿನ ನೂರು ವರ್ಷ, ಮನುಷ್ಯಕುಲ ಅಲ್ಲಿಯವರೆಗೆ ಕಂಡರಿಯದ ಸಿರಿಯ ಕಾಲ. ಉಗಿಯಂತ್ರ ಮಗ್ಗವನ್ನು ಓಡಿಸಿತು, ರೈಲನ್ನು ಎಳೆಯಿತು, ಗಾಳಿಗಾಗಿ ಕಾಯದೆ ಹಡಗನ್ನು ನಡೆಸಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಭದ್ರವಾಗಿ ಕೂತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಮುಂಬಯಿಯನ್ನು ಲಂಡನ್ನಿಗೆ ಸಾವಿರಾರು ಮೈಲಿ ಹತ್ತಿರ ತಂದಿತು. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಂತೆ 1820ರಿಂದ 1913ರ ಹೊತ್ತಿಗೆ ಲೋಕದ ಒಟ್ಟು ಉತ್ಪನ್ನ ಸುಮಾರು ನಾಲ್ಕು ಪಟ್ಟಾಯಿತು, ತಲಾ ಉತ್ಪನ್ನ ಎರಡು ಪಟ್ಟನ್ನು ಮೀರಿತು.

ಆ ಸಿರಿ ಸುಳ್ಳಲ್ಲ. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಆದರೆ ಒಂದು ಯುಗದ ಚರಿತ್ರೆಯನ್ನು ಸರಕಿನ ತೂಕದಿಂದಷ್ಟೇ ಬರೆದರೆ ಆ ಯುಗದಲ್ಲಿ ಬಾಳಿದವರು ಚರಿತ್ರೆಯಿಂದ ಹೊರಗೆ ಉಳಿಯುತ್ತಾರೆ. ಆ ಸಿರಿ ಯಾರ ಮೈಗೆ ಹತ್ತಿತು? ಅದರ ಪಾಲನ್ನು ತೀರ್ಮಾನಿಸುವ ಸಭೆಯಲ್ಲಿ ಯಾರಿಗೆ ಜಾಗವಿತ್ತು? ಅದನ್ನು ಗಳಿಸಲು ನೆಲ, ನೀರು, ಗಾಳಿಯಿಂದ ಏನನ್ನು ಕಿತ್ತುಕೊಳ್ಳಲಾಯಿತು? ಈ ಮೂರು ಪ್ರಶ್ನೆಗಳನ್ನು ಹಿಡಿದು ನಡೆದರೆ ಅದೇ ನೂರು ವರ್ಷ ಬೇರೆಯೇ ಆಗಿ ಕಾಣುತ್ತದೆ.

ಗಿರಣಿಯ ನೆರಳಿನಲ್ಲಿ

ಆ ಯುಗದ ಮೊದಲ ರಾಜಧಾನಿ ಮ್ಯಾಂಚೆಸ್ಟರ್. ಹತ್ತಿಯ ನೂಲು ಅಲ್ಲಿ ಹಗಲಿರುಳು ಹರಿಯುತ್ತಿತ್ತು. ಆ ನಗರದ ಬಟ್ಟೆ ತೊಡದ ಖಂಡ ಇರಲಿಲ್ಲ. 1842ರಲ್ಲಿ ಎಡ್ವಿನ್ ಚಾಡ್‌ವಿಕ್ ಎಂಬ ಅಧಿಕಾರಿ ಬ್ರಿಟನ್ನಿನ ದುಡಿಯುವ ಜನರ ಆರೋಗ್ಯವನ್ನು ಕುರಿತ ವರದಿಯನ್ನು ಸಂಸತ್ತಿನ ಮುಂದಿಟ್ಟ. ಮ್ಯಾಂಚೆಸ್ಟರಿನಲ್ಲಿ ಸತ್ತವರ ಸರಾಸರಿ ವಯಸ್ಸನ್ನು ಅವನು ವರ್ಗವಾರು ಲೆಕ್ಕ ಹಾಕಿದ್ದ. ವಕೀಲರು, ವೈದ್ಯರು ಮೊದಲಾದ ಉಳ್ಳವರ ಮನೆಗಳಲ್ಲಿ 38 ವರ್ಷ; ಅಂಗಡಿಕಾರರ ಮನೆಗಳಲ್ಲಿ 20; ಕೂಲಿಕಾರರ ಮನೆಗಳಲ್ಲಿ 17. ಕೂಸುಗಳ ಸಾವೇ ಈ ಸಂಖ್ಯೆಯನ್ನು ಇಷ್ಟು ಕೆಳಗೆ ಎಳೆದಿತ್ತು. ಗಿರಣಿಗಳಿಲ್ಲದ ರಟ್‌ಲಂಡ್ ಎಂಬ ಹಳ್ಳಿಗಾಡಿನಲ್ಲಿ ಬಡ ಕೂಲಿಕಾರನ ಮನೆಯ ಸರಾಸರಿಯೂ 38. ಜಗತ್ತಿನ ಅತಿ ಚುರುಕಿನ ನಗರದ ಶ್ರೀಮಂತ ಮತ್ತು ಮೂಲೆ ಸೀಮೆಯ ಬಡವ, ಇಬ್ಬರ ಆಯುಷ್ಯ ಒಂದೇ ಆಗಿತ್ತು.

ಕಾರಣ ನಿಗೂಢವೇನಲ್ಲ. ಸಾವಿರಾರು ಜನ ನೆಲಮಾಳಿಗೆಗಳಲ್ಲಿ ವಾಸಿಸುತ್ತಿದ್ದರು. ಮಲದ ಗುಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ ಇರುತ್ತಿತ್ತು. ಕೂಲಿಯೂ ಸಿರಿಯ ಜೊತೆ ಏರಲಿಲ್ಲ. ಇತಿಹಾಸಕಾರ ರಾಬರ್ಟ್ ಆಲನ್ ತೋರಿಸಿದಂತೆ 1780ರಿಂದ 1840ರ ನಡುವೆ ಬ್ರಿಟನ್ನಿನಲ್ಲಿ ಒಬ್ಬ ಕೆಲಸಗಾರನ ಉತ್ಪನ್ನ ಸುಮಾರು ಶೇ. 46ರಷ್ಟು ಹೆಚ್ಚಿತು, ನಿಜವಾದ ಕೂಲಿ ಏರಿದ್ದು ಸುಮಾರು ಶೇ. 12ರಷ್ಟು. ಸೈನ್ಯಕ್ಕೆ ಸೇರುವಾಗ ಅಳೆದಿಟ್ಟ ಎತ್ತರದ ದಾಖಲೆಗಳನ್ನು ರೊಡರಿಕ್ ಫ್ಲೌಡ್ ಮತ್ತು ಅವರ ಸಂಗಡಿಗರು ಓದಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಶತಮಾನದ ನಡುವಿನ ದಶಕಗಳಲ್ಲಿ ಹುಟ್ಟಿದ ಹುಡುಗರು ತಮ್ಮ ಹಿಂದಿನ ತಲೆಮಾರಿಗಿಂತ ಗಿಡ್ಡಗಾಗಿದ್ದರು. ಅಮೆರಿಕದಲ್ಲೂ ಅದೇ ಕಥೆ. ದೇಶ ಬೆಳೆಯುತ್ತಿದ್ದಾಗ ದೇಶದ ಮಕ್ಕಳ ಮೈ ಕುಗ್ಗುತ್ತಿತ್ತು. ವ್ಯಾಪಾರದ ಕಡತ ಹೇಳದಿದ್ದುದನ್ನು ಅವರ ಮೂಳೆಗಳು ಹೇಳಿದವು.

ಆ ಗಿರಣಿಗಳಿಗೆ ಬೇಕಾದ ಹತ್ತಿಯನ್ನು ಬೆಳೆದವರ ಪಾಡು ಇನ್ನೂ ಕಠಿಣ. ಬ್ರಿಟನ್ನಿನ ಹತ್ತಿಯ ಬಹುಪಾಲು ಅಮೆರಿಕದ ದಕ್ಷಿಣ ಸೀಮೆಯಿಂದ ಬರುತ್ತಿತ್ತು. 1860ರ ಗಣತಿಯ ಹೊತ್ತಿಗೆ ಅಲ್ಲಿ ಗುಲಾಮಗಿರಿಯಲ್ಲಿದ್ದವರು 39 ಲಕ್ಷಕ್ಕೂ ಹೆಚ್ಚು. ನಾಲ್ಕು ಶತಮಾನಗಳಲ್ಲಿ ಆಫ್ರಿಕದ ಕರಾವಳಿಯಿಂದ ಹಡಗು ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ ಜನ. ಅವರಲ್ಲಿ ಸುಮಾರು 18 ಲಕ್ಷ ಮಂದಿ ಆಚೆ ದಡವನ್ನು ಕಾಣಲೇ ಇಲ್ಲ. 1833ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರವನ್ನು ಮಂಜೂರು ಮಾಡಿತು. ಆ ಹಣ ಸಂದದ್ದು ಮಾಲೀಕರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಮೇಲಾಗಿ ಹಲವು ವರ್ಷ ಅದೇ ಒಡೆಯನ ಹೊಲದಲ್ಲಿ ದುಡಿಯುವ ಕಟ್ಟಳೆ ಬಂತು. ಆ ಪರಿಹಾರಕ್ಕೆಂದು ಎತ್ತಿದ ಸಾಲದ ಕೊನೆಯ ಕಂತನ್ನು ಬ್ರಿಟಿಷ್ ಖಜಾನೆ ತೀರಿಸಿದ್ದು 2015ರಲ್ಲಿ. ಯಾರ ನಷ್ಟವನ್ನು ನಷ್ಟವೆಂದು ಎಣಿಸಬೇಕೆಂಬುದನ್ನು ಸಭೆಯಲ್ಲಿ ಕೂತವರೇ ತೀರ್ಮಾನಿಸಿದ್ದರು.

ಎರೆಭೂಮಿಗೆ ಬಂದ ಹತ್ತಿ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳು ಮುಚ್ಚಿದವು. ಲ್ಯಾಂಕಾಶೈರಿನ ಗಿರಣಿಗಳ ಹೊಗೆ ನಿಂತಿತು. ಹತ್ತಿಗಾಗಿ ಜಗತ್ತನ್ನೆಲ್ಲ ಹುಡುಕಿದ ಬ್ರಿಟನ್ನಿನ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. 1840ರ ದಶಕದಲ್ಲೇ ಅಲ್ಲಿ ಅಮೆರಿಕದ ತಳಿಯ ಹತ್ತಿ ಬೇರೂರಿತ್ತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಿಂದ ಲಿವರ್‌ಪೂಲಿನ ಪೇಟೆಯಲ್ಲಿ ಅದರ ಗುರುತೂ ಇತ್ತು. ಈ ಹತ್ತಿಯನ್ನು ಕಡಲಿಗೆ ಮುಟ್ಟಿಸಲೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಘಟ್ಟದ ದಾರಿಗಳು ಅಗಲವಾದವು, ಕಾರವಾರದ ಬಂದರು ಎದ್ದು ನಿಂತಿತು. ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಿಗೆ ಹತ್ತಿ ಬಂತು. ರೈತರ ಕೈಯಲ್ಲಿ ನಗದು ಓಡಾಡಿತು.

1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಹರಿಯಿತು. ಮುಂಬಯಿಯ ಪೇಟೆ ಕುಸಿದುಬಿತ್ತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದ ಒಕ್ಕಲಿಗೆ ಸಾಲವೊಂದೇ ಉಳಿಯಿತು. ಪೇಟೆ ಏರಿದ್ದಕ್ಕೂ ಇಳಿದಿದ್ದಕ್ಕೂ ಕಾರಣ ಅವನಲ್ಲ. ಎರಡರಲ್ಲಿಯೂ ಅವನ ಮಾತಿಗೆ ಸ್ಥಾನವಿರಲಿಲ್ಲ. ಇತ್ತ ಗಿರಣಿಯ ಬಟ್ಟೆ ಊರೂರಿನ ಸಂತೆಗೆ ಬಂದು ಕೈಮಗ್ಗದವರ ಕಸುಬನ್ನು ಕಸಿಯುತ್ತಿತ್ತು. ಪಾಲ್ ಬೈರೋಕ್ ಎಂಬ ಇತಿಹಾಸಕಾರನ ಅಂದಾಜಿನಲ್ಲಿ 1750ರ ಸುಮಾರಿಗೆ ಲೋಕದ ಕೈಗಾರಿಕಾ ಉತ್ಪನ್ನದ ನಾಲ್ಕನೆಯ ಒಂದು ಪಾಲು ಭಾರತದ ಉಪಖಂಡದ್ದಾಗಿತ್ತು. 1900ರ ಹೊತ್ತಿಗೆ ಅದು ಶೇ. 2ಕ್ಕಿಂತ ಕೆಳಗಿಳಿಯಿತು. ಮಗ್ಗ ಬಿಟ್ಟ ನೇಕಾರ ಹೊಲದ ಕೂಲಿಯಾದ. ಮಳೆ ಕೈಕೊಟ್ಟ ದಿನ ಹೊಲವೂ ಇಲ್ಲದ, ಕಸುಬೂ ಇಲ್ಲದ ಇಂಥವರೇ ಮೊದಲು ಬೀಳುವವರು.

ಹಕ್ಕಿಗಳ ದ್ವೀಪ

ಅದೇ ಕಾಲದಲ್ಲಿ ಯುರೋಪಿನ ಹೊಲಗಳು ಸೊರಗುತ್ತಿದ್ದವು. ನಗರಕ್ಕೆ ಹೋದ ಧಾನ್ಯದ ಸಾರ ಗೊಬ್ಬರವಾಗಿ ಹೊಲಕ್ಕೆ ಮರಳದೆ ನದಿಯ ಪಾಲಾಗುತ್ತಿತ್ತು. ಇದಕ್ಕೆ ಮದ್ದು ಸಿಕ್ಕಿದ್ದು ಪೆರು ದೇಶದ ಕರಾವಳಿಯಾಚೆಯ ಚಿಂಚಾ ದ್ವೀಪಗಳಲ್ಲಿ. ಮಳೆ ಬೀಳದ ಆ ಬಂಡೆಗಳ ಮೇಲೆ ಕಡಲ ಹಕ್ಕಿಗಳ ಹಿಕ್ಕೆ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತು, ಕೆಲವು ಕಡೆ 30 ಮೀಟರಿಗಿಂತ ದಪ್ಪವಾಗಿತ್ತು. ಅದೇ ಗ್ವಾನೊ. ಇಂಕಾ ಅರಸರ ಕಾಲದಲ್ಲಿ ಆ ಹಕ್ಕಿಗಳಿಗೆ ಕಾವಲಿತ್ತು. 1840ರಿಂದ 1880ರವರೆಗಿನ ನಾಲ್ಕು ದಶಕಗಳಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಗ್ವಾನೊ ಹಡಗು ಹತ್ತಿತು. ಪೆರು ಸರ್ಕಾರದ ಆದಾಯದ ಬಹುಪಾಲು ಅದರಿಂದಲೇ ಬಂತು. ಆ ಬಲದಿಂದ ಲಿಮಾದಲ್ಲಿ ಸೌಧಗಳು ಎದ್ದವು, ಆಂಡೀಸ್ ಬೆಟ್ಟಗಳಿಗೆ ರೈಲುಹಳಿ ಏರಿತು, ಲಂಡನ್ನಿನಲ್ಲಿ ಸಾಲ ಸಿಕ್ಕಿತು.

ಹಕ್ಕಿಯ ಹಿಕ್ಕೆಯನ್ನು ಅಗೆದು ತುಂಬಿದವರು ಯಾರು? ಮೊದಲು ಕೈದಿಗಳು, ಗುಲಾಮರು. 1849ರಿಂದ ಮುಂದೆ ಹೆಚ್ಚಾಗಿ ಚೀನಾದ ಕೂಲಿಗಳು. 1874ರವರೆಗೆ ಪೆರುವಿಗೆ ಕರಾರಿನ ಮೇಲೆ ಬಂದ ಚೀನೀಯರು ಒಂದು ಲಕ್ಷದಷ್ಟು. ಅವರಲ್ಲಿ ಹೆಚ್ಚಿನವರು ಕಬ್ಬು, ಹತ್ತಿಯ ತೋಟಗಳಿಗೆ ಹೋದರು; ದ್ವೀಪಕ್ಕೆ ಬಂದವರು ಕಣ್ಣು ಕುರುಡಾಗಿಸುವ ಅಮೋನಿಯದ ಧೂಳಿನಲ್ಲಿ ದುಡಿದರು. ಎಷ್ಟೋ ಮಂದಿ ಬಂಡೆಯಿಂದ ಕಡಲಿಗೆ ಹಾರಿ ಪ್ರಾಣ ಬಿಟ್ಟರು.

1870ರ ದಶಕದಲ್ಲಿ ಬಂಡೆಯ ತಳ ಕಂಡಿತು. 1876ರಲ್ಲಿ ಪೆರು ತನ್ನ ವಿದೇಶಿ ಸಾಲದ ಕಂತು ಕಟ್ಟಲಾರದೆ ಕೈಚೆಲ್ಲಿತು. ಸಾವಿರಾರು ವರ್ಷದ ಠೇವಣಿಯನ್ನು ನಲವತ್ತು ವರ್ಷಗಳಲ್ಲಿ ತೆಗೆದು ತಿಂದು, ಅದನ್ನೇ ವರಮಾನವೆಂದು ಬರೆದುಕೊಂಡ ಲೆಕ್ಕದ ಫಲ ಇದು. ಪೆರುವಿನ ಆಡಳಿತಗಾರರನ್ನು ಮಾತ್ರ ದೂರುವಂತಿಲ್ಲ. ಅದೇ ದಶಕಗಳಲ್ಲಿ ಉತ್ತರ ಅಮೆರಿಕದ ಹುಲ್ಲುಗಾವಲಿನ ಕಾಡೆಮ್ಮೆಗಳು ಕೋಟಿಗಳಿಂದ ಕೆಲವು ನೂರಕ್ಕಿಳಿದವು. ಭಾರತದ ಸಾಲ್, ತೇಗ, ದೇವದಾರು ಮರಗಳು ರೈಲುಹಳಿಯ ಅಡಿಪಟ್ಟಿಗಳಾದವು. ಬ್ರಿಟನ್ನಿನ ಗಣಿಗಳು 1913ನೆಯ ಒಂದೇ ವರ್ಷದಲ್ಲಿ 28 ಕೋಟಿ 70 ಲಕ್ಷ ಟನ್ ಕಲ್ಲಿದ್ದಲನ್ನು ಎತ್ತಿದವು. ಎಲ್ಲೆಡೆಯೂ ಬಗೆದು ತೆಗೆದದ್ದನ್ನು ಬೆಳೆದದ್ದೆಂದು ಬರೆಯಲಾಯಿತು.

ಧಾತು, ಈಶ್ವರ

ಪೆರು ಕೈಚೆಲ್ಲಿದ ಆ 1876ರಲ್ಲೇ ಮೈಸೂರು ಸೀಮೆಯಲ್ಲಿ ಧಾತು ಸಂವತ್ಸರ ಕಾಲಿಟ್ಟಿತ್ತು. ಹಿಂದಿನ ವರ್ಷವೇ ಮಳೆ ಕಡಿಮೆ. ಆ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮರುವರ್ಷ ಈಶ್ವರ ಸಂವತ್ಸರದಲ್ಲೂ ಬಹುಕಾಲ ಮುಗಿಲು ಬರಿದಾಗಿಯೇ ಇತ್ತು. ಪೆಸಿಫಿಕ್ ಸಾಗರದ ನೀರು ಕಾದು ಲೋಕದ ಗಾಳಿಯ ದಾರಿಯೇ ತಪ್ಪಿದ್ದ ಕಾಲವದು. ನಾವಿಂದು ಅದನ್ನು ಎಲ್ ನಿನೊ ಎನ್ನುತ್ತೇವೆ. ಉತ್ತರ ಚೀನಾದಲ್ಲಿ, ಬ್ರೆಜಿಲಿನ ಈಶಾನ್ಯದಲ್ಲಿ, ಮದರಾಸು, ಮುಂಬಯಿ, ಹೈದರಾಬಾದು, ಮೈಸೂರುಗಳಲ್ಲಿ ಒಟ್ಟೊಟ್ಟಿಗೆ ನೆಲ ಬಿರಿಯಿತು.

ಮಳೆಯ ಚಂಚಲತೆಯನ್ನು ಅರಿತೇ ಕಟ್ಟಿದ ನಾಡು ಮೈಸೂರು. 30,000ಕ್ಕೂ ಹೆಚ್ಚು ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಹಬ್ಬಿದ್ದವು. ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂಬ ಅರ್ಥದ ಮಾತನ್ನು 1866ರಲ್ಲಿ ಸಂಸ್ಥಾನದ ಮುಖ್ಯ ಎಂಜಿನಿಯರ್ ಸ್ಯಾಂಕಿ ಬರೆದಿದ್ದ. ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಕಟ್ಟುಕೊಡಗೆ, ಬಿತ್ತುವಟ್ಟಗಳೆಂಬ ಭೂಮಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಸಾಲುಸಾಲಾಗಿ ಸಿಗುತ್ತದೆ. ಈ ವ್ಯವಸ್ಥೆಯನ್ನು ಬಂಗಾರದ ಕಾಲವೆಂದು ಹೊಗಳಲಾರೆ. ಹಲವು ಊರುಗಳಲ್ಲಿ ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿ ದಲಿತ ಕೇರಿಯವನು. ಅವನು ಹಂಚಿದ ನೀರು ಹರಿಯುತ್ತಿದ್ದುದು ಹೆಚ್ಚಾಗಿ ಮೇಲಿನವರ ಗದ್ದೆಗೆ. ಆದರೂ ಹೂಳೆತ್ತುವುದು, ಏರಿ ಬಲಪಡಿಸುವುದು ವರ್ಷವರ್ಷದ ಕಟ್ಟಳೆಯಾಗಿತ್ತು. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದ ಮೇಲೆ ಕಂದಾಯ ತಪ್ಪದೆ ಖಜಾನೆ ಸೇರಿತು. ಹೂಳೆತ್ತುವ ಹೊಣೆ ಯಾರದೆಂಬುದು ಮಾತ್ರ ಮಸುಕಾಗುತ್ತ ಹೋಯಿತು. ಕೆರೆಯ ಹೂಳು ತೆಗೆದರೆ ಹೊಸ ಸರಕೇನೂ ಹುಟ್ಟುವುದಿಲ್ಲ. ಸರಕನ್ನೇ ಎಣಿಸುವ ಆಡಳಿತದ ಕಣ್ಣಿಗೆ ಅದು ಕೆಲಸವಾಗಿ ಕಾಣಲಿಲ್ಲ.

ಎರಡು ವರ್ಷ ಮಳೆಯಿಲ್ಲದೆ ಕೆರೆಗಳು ಒಣಗಿದವು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ ಹಗೇವುಗಳು ಬರಿದಾದವು. ರಾಗಿಯ ಬೆಲೆ ಹಲವು ಪಟ್ಟು ಏರಿತು. 1864ರಲ್ಲೇ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದಿತ್ತು. ಆದರೆ ಅದು ತಂದ ಧಾನ್ಯ ಅಲ್ಲಿಂದಾಚೆಗೆ ಎತ್ತಿನ ಗಾಡಿಯಲ್ಲಿ ಹೋಗಬೇಕು. ಮೇವಿಲ್ಲದೆ ಎತ್ತುಗಳೇ ಸತ್ತಿದ್ದವು. ಬೆಂಗಳೂರಿಗೆ ನಡೆದು ಬಂದವರು ಬೀದಿಗಳಲ್ಲಿ ಬಿದ್ದರು. ಧಾನ್ಯ ಬಂದ ಕಡೆಯೂ ಅದನ್ನು ಕೊಳ್ಳುವ ಕಾಸು ಜನರಲ್ಲಿರಲಿಲ್ಲ. ಬರಗಾಲವೆಂದರೆ ಅನ್ನದ ಕೊರತೆ ಮಾತ್ರವಲ್ಲ, ಅನ್ನವನ್ನು ತನ್ನದಾಗಿಸಿಕೊಳ್ಳುವ ಹಕ್ಕಿನ ಕೊರತೆ ಎಂದು ಅಮರ್ತ್ಯ ಸೇನ್ 1981ರಲ್ಲಿ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದನ್ನು ಮೈಸೂರು ನೂರು ವರ್ಷ ಮೊದಲೇ ಮೈಮೇಲೆ ಅನುಭವಿಸಿತು.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ಮಹಾ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ. ಅದೇ ತಿಂಗಳು ಸರ್ಕಾರದ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ಬರಪೀಡಿತ ದಕ್ಷಿಣಕ್ಕೆ ಹೊರಟ. ಖರ್ಚು ಹಿಡಿತದಲ್ಲಿರಬೇಕು, ಧಾನ್ಯದ ಪೇಟೆಯಲ್ಲಿ ಸರ್ಕಾರ ಕೈಯಿಡಬಾರದು ಎಂಬುದು ಅವನಿಗಿದ್ದ ಅಪ್ಪಣೆ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದಾಣೆ ಎಂದು ಅವನು ಗೊತ್ತುಪಡಿಸಿದ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ಮೈಗೆ ಒಂದೂವರೆ ಪೌಂಡ್ ಧಾನ್ಯವೂ ಅದರೊಡನೆ ಕಾಳು, ತರಕಾರಿಯೂ ಬೇಕೆಂದು ವಾದಿಸಿದ. ಅವನ ಮಾತು ಕೊಂಚ ನಡೆದಾಗ ತಿಂಗಳುಗಳು ಕಳೆದಿದ್ದವು. ಆ ಬರಗಾಲದ ವರ್ಷಗಳಲ್ಲೇ ಭಾರತದ ಬಂದರುಗಳಿಂದ ಸುಮಾರು 3 ಲಕ್ಷ ಟನ್ ಗೋಧಿ ಯುರೋಪಿಗೆ ಹೋಯಿತು.

1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಸಂಸ್ಥಾನದಲ್ಲಿ ಐವರಲ್ಲಿ ಒಬ್ಬರು ಅಳಿದರೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. 1891ರ ಗಣತಿಯಲ್ಲೂ ಹಳೆಯ ಸಂಖ್ಯೆ ಮರಳಿರಲಿಲ್ಲ. ಬಳ್ಳಾರಿ, ಕಲಾದಗಿ, ಧಾರವಾಡಗಳೂ ಹೀಗೆಯೇ ಬೆಂದವು. ಇಡೀ ದಕ್ಷಿಣ ಭಾರತದಲ್ಲಿ 50 ಲಕ್ಷಕ್ಕೂ ಮಿಕ್ಕಿ, ಚೀನಾದಲ್ಲಿ 90 ಲಕ್ಷದಿಂದ 1 ಕೋಟಿ 30 ಲಕ್ಷದವರೆಗೆ, ಬ್ರೆಜಿಲಿನಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಲೋಕದ ಉತ್ಪನ್ನದ ರೇಖೆಯಲ್ಲಿ ಈ ವರ್ಷಗಳು ಒಂದು ಸಣ್ಣ ತಗ್ಗಾಗಿಯೂ ಎದ್ದು ಕಾಣುವುದಿಲ್ಲ. ಹಸಿದು ಸತ್ತವರು ಕೊಳ್ಳುವವರಾಗಿರಲಿಲ್ಲ. ಆದ್ದರಿಂದ ಅವರ ಸಾವನ್ನು ಪೇಟೆ ಗುರುತಿಸಲಿಲ್ಲ.

ಬಾಗಿಲು ತೆರೆದ ಕಡೆ

ಹಾಗಾದರೆ ಮೈ ಚೇತರಿಸಿದ್ದು ಎಲ್ಲಿ, ಹೇಗೆ? ಉತ್ತರ ಮತ್ತೆ ಇಂಗ್ಲೆಂಡಿನ ನಗರಗಳಲ್ಲೇ ಇದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಕಾಲರಾ ಹರಡುತ್ತಿದೆಯೆಂದು ವೈದ್ಯ ಜಾನ್ ಸ್ನೋ ತೋರಿಸಿದ್ದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ಸಂಸತ್ ಭವನದೊಳಗೇ ನುಗ್ಗಿದಾಗ, ಬ್ಯಾಜಲ್‌ಜೆಟ್ ಎಂಬ ಎಂಜಿನಿಯರನ ಒಳಚರಂಡಿ ಯೋಜನೆಗೆ ಹಣ ಸಿಕ್ಕಿತು. ಉಳಿದ ನಗರಗಳು ಕಾದವು. ತೆರಿಗೆ ಕಟ್ಟುವ ಸಣ್ಣ ವರ್ಗವೊಂದರ ಕೈಯಲ್ಲೇ ಪುರಸಭೆ ಇರುವವರೆಗೆ ಬಡವರ ಕೇರಿಗೆ ನೀರು ಹಾಯಿಸುವ ಖರ್ಚನ್ನು ಯಾರೂ ಒಪ್ಪಲಿಲ್ಲ. 1867ರ ಸುಧಾರಣಾ ಕಾಯ್ದೆ ನಗರದ ದುಡಿಯುವ ಗಂಡಸರಲ್ಲಿ ಬಹಳ ಮಂದಿಗೆ ಮತ ಕೊಟ್ಟಿತು. ಪುರಸಭೆಗಳ ಮತದಾರರೂ ಹೆಚ್ಚಿದರು. 1873ರಿಂದ 1876ರವರೆಗೆ ಬರ್ಮಿಂಗ್‌ಹ್ಯಾಮಿನ ಮೇಯರಾಗಿದ್ದ ಜೋಸೆಫ್ ಚೇಂಬರ್ಲಿನ್ ಗ್ಯಾಸ್ ಮತ್ತು ನೀರಿನ ಕಂಪನಿಗಳನ್ನು ನಗರದ ಸೊತ್ತಾಗಿಸಿದ. 1875ರಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂತು.

1841ರಲ್ಲಿ ಇಂಗ್ಲೆಂಡಿನ ನಿರೀಕ್ಷಿತ ಆಯುಷ್ಯ 40 ವರ್ಷದ ಆಸುಪಾಸು. 1911ರ ಹೊತ್ತಿಗೆ 50ನ್ನು ದಾಟಿತ್ತು. ಗಿರಣಿಗಳ ಅಬ್ಬರದ ದಶಕಗಳಲ್ಲಿ ಬರದ ಈ ಆಯುಷ್ಯ ಕೊಳಾಯಿ, ಚರಂಡಿ, ಮತಪೆಟ್ಟಿಗೆಗಳ ದಶಕಗಳಲ್ಲಿ ಬಂತು. ಸಂಪತ್ತು ತಾನಾಗಿ ಹರಿದು ಬಡವರನ್ನು ಮುಟ್ಟುವುದಿಲ್ಲ, ಅದನ್ನು ಹರಿಸುವ ತೀರ್ಮಾನ ಸಭೆಯಲ್ಲಿ ಆಗಬೇಕು ಎಂದು ಇತಿಹಾಸಕಾರ ಸೈಮನ್ ಶ್ರೆಟರ್ ವಾದಿಸಿದ್ದು ಇದನ್ನೇ ನೋಡಿ. ದುಡಿಯುವವರಿಗೆ ಸಭೆಯಲ್ಲಿ ಜಾಗವೇ ಇರದ ಬ್ರಿಟಿಷ್ ಭಾರತದಲ್ಲಿ 20ನೆಯ ಶತಮಾನದ ಮೊದಲ ದಶಕದ ನಿರೀಕ್ಷಿತ ಆಯುಷ್ಯ ಸುಮಾರು 23 ವರ್ಷವಷ್ಟೇ.

ಮೈಸೂರಿನಲ್ಲೂ ಬಾಗಿಲು ಒಂದಿಷ್ಟು ತೆರೆಯಿತು. 1881ರಲ್ಲಿ ಸಂಸ್ಥಾನ ಒಡೆಯರ ಮನೆತನಕ್ಕೆ ಮರಳಿದಾಗ ಬರಗಾಲ ಬಿಟ್ಟುಹೋದ 80 ಲಕ್ಷ ರೂಪಾಯಿ ಸಾಲವೂ ಜೊತೆಗೆ ಬಂತು. ದಿವಾನ ರಂಗಾಚಾರ್ಲು ಅದೇ ವರ್ಷದ ಅಕ್ಟೋಬರ್‌ನಲ್ಲಿ, ದಸರೆಯ ಸಂದರ್ಭಕ್ಕೆ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಲ್ಲಿ ಕೂತವರು ಜಮೀನುದಾರರು, ವರ್ತಕರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಅಹವಾಲು ಮಾತ್ರವಿತ್ತು. ಹೆಂಗಸರಿರಲಿಲ್ಲ, ನೀರುಗಂಟಿಯಿರಲಿಲ್ಲ. ಆದರೂ ಕೆರೆ ಒಡೆದದ್ದು, ರಸ್ತೆ ಕೆಟ್ಟದ್ದು, ಕಂದಾಯ ಭಾರವಾದದ್ದು ದಿವಾನರ ಎದುರಿನಲ್ಲಿ ವರ್ಷವರ್ಷವೂ ಬಾಯಿಬಿಟ್ಟು ಹೇಳುವ ಮಾತಾಯಿತು. ಬರಗಾಲದ ಕೂಲಿಯಿಂದ ಮೊದಲಾದ ಬೆಂಗಳೂರು–ಮೈಸೂರು ರೈಲುಹಳಿ ಪೂರ್ತಿಯಾಯಿತು. 1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿಯಿತು. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿಗಳು ಅಗಲ ಬೀದಿಗಳೊಡನೆ ಬೆಳೆದವು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ವಿಚಾರಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಒಂದೊಂದು ಬಾಗಿಲೂ ತಡವಾಗಿ, ಕಿರಿದಾಗಿ ತೆರೆಯಿತು. ತೆರೆದಷ್ಟು ಕಡೆ ಬದುಕು ಹಸನಾಯಿತು.

ಕೋಲಾರದ ಚಿನ್ನ

ಮೂರೂ ಪ್ರಶ್ನೆಗಳನ್ನು ಒಂದೇ ನೆಲದ ಮೇಲೆ ನಿಂತು ಕೇಳಬೇಕೆಂದರೆ ಕೋಲಾರದ ಚಿನ್ನದ ಗಣಿಗೆ ಬರಬೇಕು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಆಳಕ್ಕಿಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರ ತಂತಿಯಲ್ಲಿ ಹರಿದು ಆ ಗಣಿಯನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಜಗತ್ತೇ ತಿರುಗಿ ನೋಡಿದ ಸಾಧನೆ. ಭಾರತದ ಚಿನ್ನದ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಲಂಡನ್ನಿನ ಷೇರುದಾರರಿಗೆ ಲಾಭಾಂಶ, ಮೈಸೂರಿನ ಖಜಾನೆಗೆ ರಾಯಧನ ಸಂದವು.

ಬಂಡೆಯೊಳಗೆ ಇಳಿದವರು ಉತ್ತರ ಆರ್ಕಾಟು, ಚಿತ್ತೂರು, ಕೋಲಾರ ಸೀಮೆಗಳ ಭೂಮಿಯಿಲ್ಲದ ಜನ, ಹೆಚ್ಚಿನವರು ದಲಿತರು. ಊರಿನ ಜೀತದಿಂದ ಗಣಿ ಅವರನ್ನು ಬಿಡಿಸಿತು, ಕೈಗೆ ಕಾಸು ಕೊಟ್ಟಿತು, ಇದನ್ನು ಮರೆಯಬಾರದು. ಅದೇ ಗಣಿ ಅವರ ಪುಪ್ಪುಸಕ್ಕೆ ಕಲ್ಲಿನ ಧೂಳು ತುಂಬಿತು. 1930ರಲ್ಲಿ ಕೆಲಸಗಾರರೆಲ್ಲರ ಬೆರಳಚ್ಚು ತೆಗೆಯುವ ನಿಯಮ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ತಾವು ಕಳ್ಳರಲ್ಲವೆಂದು ಸಾರಿದರು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋದಲ್ಲೆಲ್ಲ ಹೋಯಿತು. ಅದಿರು ಅರೆದು ಉಳಿದ ಸೈನೈಡ್ ದಿಬ್ಬಗಳು ಅಲ್ಲೇ ನಿಂತಿವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಧೂಳು ಆ ಕೆಲಸಗಾರರ ಮೊಮ್ಮಕ್ಕಳ ಮನೆಯೊಳಗೆ ಬರುತ್ತದೆ. ಚಿನ್ನ ಹೊರಬಂದ ವರ್ಷಗಳ ವರಮಾನದಲ್ಲಿ ಈ ಧೂಳನ್ನು ಯಾರೂ ಕಳೆಯಲಿಲ್ಲ.

ಲೆಕ್ಕ ತಿದ್ದಿದವರು

ಈ ತಪ್ಪು ಲೆಕ್ಕವನ್ನು ಆ ಕಾಲದಲ್ಲೇ ಎದುರಿಸಿದವರು ದಾದಾಭಾಯಿ ನವರೋಜಿ. ಧಾತು ಸಂವತ್ಸರದ ಆ 1876ರಲ್ಲೇ ಅವರು ಭಾರತದ ಬಡತನ ಕುರಿತ ಪ್ರಬಂಧವನ್ನು ಓದಿದರು. ಬ್ರಿಟಿಷ್ ಭಾರತದ ತಲಾ ವರಮಾನ ವರ್ಷಕ್ಕೆ 20 ರೂಪಾಯಿ ಎಂದು ಸರ್ಕಾರದ್ದೇ ಅಂಕಿಗಳಿಂದ ತೋರಿಸಿದರು. ಅಷ್ಟಕ್ಕೆ ನಿಲ್ಲದೆ ಅದನ್ನು ಜೈಲಿನ ಕೈದಿಯ ಊಟ, ಬಟ್ಟೆಯ ಖರ್ಚಿನ ಪಕ್ಕದಲ್ಲಿಟ್ಟರು. ಕೈದಿಯ ಖರ್ಚೇ ಹೆಚ್ಚಾಗಿತ್ತು. ರಾಷ್ಟ್ರದ ವರಮಾನವನ್ನು ಒಂದು ಮೈಗೆ ಬೇಕಾದ ಅನ್ನದಿಂದ ಅಳೆದ ಈ ಕ್ರಮ, ಲೋಕದ ಅರ್ಥಶಾಸ್ತ್ರಕ್ಕೆ ಭಾರತ ಕೊಟ್ಟ ದೊಡ್ಡ ಕಾಣಿಕೆಗಳಲ್ಲೊಂದು ಎಂದು ನಾನು ನಂಬುತ್ತೇನೆ.

1934ರಲ್ಲಿ ಸೈಮನ್ ಕುಜ್ನೆಟ್ಸ್ ಅಮೆರಿಕದ ಸೆನೆಟ್ಟಿಗೆ ರಾಷ್ಟ್ರೀಯ ವರಮಾನದ ಮೊದಲ ವಿಸ್ತಾರವಾದ ವರದಿಯನ್ನು ಒಪ್ಪಿಸಿ, ಜನರ ಸುಖದುಃಖವನ್ನು ಈ ಅಂಕಿಯಿಂದ ಊಹಿಸಬೇಡಿರೆಂದು ಅದರಲ್ಲೇ ಎಚ್ಚರಿಸಿದ. ಲೋಕ ಅಂಕಿಯನ್ನು ಹಿಡಿಯಿತು, ಎಚ್ಚರಿಕೆಯನ್ನು ಬಿಟ್ಟಿತು. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗ ಮುಂದಿನ ತಲೆಮಾರಿನ ಅಗತ್ಯಗಳನ್ನು ಕಸಿಯದ ಬೆಳವಣಿಗೆಯ ಮಾತನ್ನು ಎತ್ತಿತು. 1990ರಲ್ಲಿ ಪಾಕಿಸ್ತಾನದ ಮಹಬೂಬ್ ಉಲ್ ಹಕ್, ಗೆಳೆಯ ಅಮರ್ತ್ಯ ಸೇನ್ ಅವರ ನೆರವಿನೊಡನೆ, ಆಯುಷ್ಯ, ವಿದ್ಯೆ, ವರಮಾನ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿದರು. 2014ರಲ್ಲಿ ಯಾನ್ ಲೌಟನ್ ವಾನ್ ಝಾಂಡನ್ ಮೊದಲಾದ ಇತಿಹಾಸಕಾರರು 1820ರಿಂದ ಈಚಿನ ಲೋಕದ ಚರಿತ್ರೆಯನ್ನು ಎತ್ತರ, ಆಯುಷ್ಯ, ಶಿಕ್ಷಣ, ಅಸಮಾನತೆ, ಪರಿಸರಗಳಿಂದ ಅಳೆದು ಪ್ರಕಟಿಸಿದರು.

ಆ ನೂರು ವರ್ಷಗಳನ್ನು ಹೀಗೆ ಓದಿದಾಗ ನನಗೆ ಒಂದು ನಿಯಮ ಸ್ಪಷ್ಟವಾಗಿ ಕಾಣುತ್ತದೆ. ಸಭೆಯಲ್ಲಿ ಜಾಗ ಸಿಕ್ಕವರ ಮೈ ಚೇತರಿಸಿತು. ಬರ್ಮಿಂಗ್‌ಹ್ಯಾಮಿನ ಕೂಲಿಕಾರನಿಗೆ ಮತ ಬಂದ ಮೇಲೆ ನೀರು ಬಂತು. ಮೈಸೂರಿನ ರೈತನಿಗೆ 1876ರಲ್ಲಿ ಜಾಗವಿರಲಿಲ್ಲ, ಅವನು ಸತ್ತ. ಹಂಚಿಕೆಯ ಪ್ರಶ್ನೆಯನ್ನು ಬೆಳವಣಿಗೆಯ ನಂತರ ನೋಡಿಕೊಳ್ಳೋಣವೆಂದು ಹೇಳಿದ ಎಲ್ಲ ಕಡೆಯೂ ಒಂದು ತಲೆಮಾರು ಕಾಯುತ್ತ ಕಾಯುತ್ತ ಮಣ್ಣಾಯಿತು.

ಈ ನಿಯಮವನ್ನು ಒಪ್ಪಿದರೆ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ನೆಲಕ್ಕೆ ಮತವಿಲ್ಲ; ಇನ್ನೂ ಹುಟ್ಟದವರಿಗೆ ಯಾವ ಸಭೆಯಲ್ಲೂ ಜಾಗವಿಲ್ಲ. ಕಲ್ಲಿದ್ದಲು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಆ ಶತಮಾನದ ಸಾಲವನ್ನು ತೀರಿಸುತ್ತಿರುವವರು ನಾವು. ನಮ್ಮದನ್ನು ತೀರಿಸಬೇಕಾದವರು ಇನ್ನೂ ಬಂದಿಲ್ಲ. ಆದ್ದರಿಂದ ಬರಲಿರುವವರ ಪರವಾಗಿ ಇಂದಿನ ಸಭೆಯಲ್ಲಿ ಇರುವವರೇ ಮಾತಾಡಬೇಕು. ಒಂದು ಬಜೆಟ್ಟು, ಒಂದು ಗಣಿ, ಒಂದು ಹೆದ್ದಾರಿಯ ಲಾಭ ಎಣಿಸುವಾಗ ಕೂಸುಗಳ ಆಯುಷ್ಯ ಎಷ್ಟು ಹೆಚ್ಚಿತು, ಯಾರನ್ನು ಕೇಳಿ ತೀರ್ಮಾನಿಸಿದಿರಿ, ಕೆರೆಯಲ್ಲಿ ಎಷ್ಟು ನೀರು ಉಳಿಯಿತು ಎಂದು ಕೇಳುವುದು ನಾಗರಿಕರ ಹಕ್ಕು. ಚರಿತ್ರೆ ಬರೆಯುವವರಿಗಂತೂ ಅದು ಕರ್ತವ್ಯ. ಈ ಮೂರಕ್ಕೂ ಉತ್ತರ ಕೊಡಲಾರದ ಲೆಕ್ಕವನ್ನು ನಾವು ಸಿರಿಯ ಲೆಕ್ಕವೆಂದು ಒಪ್ಪಬಾರದು.